ಹಿಂದೆ ಬಿದ್ದ ತಾಲ್ಲೂಕಿನ ಸರ್ಕಾರಿ ಶಾಲೆಗಳು: ಬಿಇಒ ಕಚೇರಿ ಎಲ್ಲಿಂದ ಕೈ ಹಚ್ಚಬೇಕು

ತಾಲ್ಲೂಕಿನ ಎಸ್ಸೆಸ್ಸೆಲ್ಸಿ ಫಲಿತಾಂಶ ಕುಸಿದಾಗ ಮುಂದೆ ಏನು ನಡೆಯುತ್ತದೆ ಎಂಬುದು ಇಲಾಖೆಯಲ್ಲಿ ಎಲ್ಲರಿಗೂ ಬಾಯಿಪಾಠ. ಮೇ ತಿಂಗಳಲ್ಲಿ ಜಿಲ್ಲಾ ಪಂಚಾಯಿತಿ ಸಭೆಯಲ್ಲಿ ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿ) ಮಂಗಳಾರತಿ, ಜೂನ್‌ನಲ್ಲಿ ಮುಖ್ಯಗುರುಗಳಿಗೆ ನೋಟಿಸ್, ಡಿಸೆಂಬರ್‌ನಲ್ಲಿ ವಿಶೇಷ ತರಗತಿ, ಜನವರಿಯಲ್ಲಿ ಪಾಸಿಂಗ್ ಪ್ಯಾಕೇಜ್ (ಪಾಸಾಗಲು ಬೇಕಾದಷ್ಟೇ ಪ್ರಶ್ನೋತ್ತರಗಳ ಕಟ್ಟು). ಮುಂದಿನ ಮೇ ತಿಂಗಳಲ್ಲಿ ಅಂಕಿ ಎರಡು ಮೂರು ಸ್ಥಾನ ಮೇಲೆ ಕೆಳಗೆ ಆಗಿರುತ್ತದೆ, ಅಷ್ಟೆ.

2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದಾಗ ಈ ಆಟದ ಒಳಗುಟ್ಟು ಹೊರಬಿತ್ತು. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕದ ಪ್ರಮಾಣವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಉಡುಪಿ ಶೇ 94, ಯಾದಗಿರಿ ಶೇ 50.59. ಈ ಅಂತರ ಹತ್ತನೇ ತರಗತಿಯಲ್ಲಿ ಹುಟ್ಟಿದ್ದಲ್ಲ. ಒತ್ತಕ್ಷರ ಓದಲು ಬಾರದೆ ನಾಲ್ಕನೇ ತರಗತಿ ದಾಟಿದ ಮಗು ವಿಜ್ಞಾನದ ಪ್ರಶ್ನೆಪತ್ರಿಕೆಯ ಮುಂದೆ ಕುಳಿತಾಗ ಏನಾಗಬೇಕೋ ಅದೇ ಆಗುತ್ತಿದೆ. ಹಾಗಾಗಿ ತಾಲ್ಲೂಕನ್ನು ಮೇಲೆತ್ತುವ ಕೆಲಸ ಕೆಳಗಿನ ತರಗತಿಗಳಿಂದ, ಜೂನ್ ತಿಂಗಳಿಂದ, ಮತ್ತು ಬಿಇಒ ಕಚೇರಿಯ ಸ್ವಂತ ಅಭ್ಯಾಸಗಳನ್ನು ಬದಲಿಸುವುದರಿಂದ ಶುರುವಾಗಬೇಕು. ಇಲ್ಲಿ ಬರೆದದ್ದು ಬಿಇಒ, ಬಿಆರ್‌ಸಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಸಮನ್ವಯಾಧಿಕಾರಿ ಮತ್ತು ಡಯಟ್‌ನ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ನೋಡಲ್ ಅಧಿಕಾರಿಗಳಿಗೆ. ಹೊಸ ಯೋಜನೆ, ಹೊಸ ಅನುದಾನ ಬೇಕಿಲ್ಲದ ಕೆಲಸಗಳೇ ಇದರಲ್ಲಿ ಹೆಚ್ಚು.

ಮೊದಲು ಓದಿಸಿ ನೋಡಿ

ಸೇತುಬಂಧದ (ವರ್ಷಾರಂಭದ ಮರುಕಲಿಕೆ) ಪೂರ್ವ ಪರೀಕ್ಷೆ, ರೂಪಣಾತ್ಮಕ, ಸಂಕಲನಾತ್ಮಕ ಪರೀಕ್ಷೆಗಳ ಅಂಕಗಳೆಲ್ಲ ಇಲಾಖೆಯ ವಿದ್ಯಾರ್ಥಿ ದಾಖಲೆಯ ಜಾಲತಾಣವಾದ ಎಸ್‌ಎಟಿಎಸ್‌ನಲ್ಲಿ ಇರುತ್ತವೆ. ಅವುಗಳನ್ನು ನಂಬಿ ಯೋಜನೆ ಮಾಡಬೇಡಿ. ಬೋರ್ಡಿನ ಮೇಲೆ ಬರೆದದ್ದನ್ನು ನಕಲಿಸಿ ಬಿ+ ಪಡೆದ ಮಗು ಅಲ್ಲಿ ಕಾಣಿಸುವುದಿಲ್ಲ. ಬೇಕಾಗಿರುವುದು ಮೂರರಿಂದ ಎಂಟನೇ ತರಗತಿವರೆಗಿನ ಪ್ರತಿ ಮಗುವನ್ನೂ ಎದುರು ಕೂರಿಸಿಕೊಂಡು ಒಂದು ಹಾಳೆ ಓದಿಸುವ ಮೌಖಿಕ ಪರೀಕ್ಷೆ. ಹಳ್ಳಿ ಮಕ್ಕಳ ಓದು, ಲೆಕ್ಕ ಅಳೆಯುವ ಎಎಸ್‌ಇಆರ್ (ಅಸರ್) ಸಮೀಕ್ಷೆಯಲ್ಲಿ ಬಳಸುವ ಬಗೆಯ ಹಾಳೆ ಸಾಕು; ಕನ್ನಡಕ್ಕೆ ಅದರಲ್ಲಿ ಎರಡು ಮೆಟ್ಟಿಲು ಹೆಚ್ಚು ಹಾಕಿಕೊಳ್ಳಬೇಕು.

ಯಾಕೆಂದರೆ ಕನ್ನಡ ಓದುವ ಮಗು ಎಡವುವ ಜಾಗಗಳು ನಿರ್ದಿಷ್ಟವಾಗಿವೆ. ಮೂಲಾಕ್ಷರ ಬಂದ ಮಗು 'ಮರ', 'ಸರ' ಓದುತ್ತದೆ. 'ಕೆರೆ' ಕೊಟ್ಟರೆ 'ಕರ' ಎನ್ನುತ್ತದೆ, ಅಂದರೆ ಕಾಗುಣಿತ ಬಂದಿಲ್ಲ. 'ಅಕ್ಕ'ವನ್ನು 'ಅಕ' ಎಂದರೆ ಒತ್ತು ಕಣ್ಣಿಗೆ ಬಿದ್ದಿಲ್ಲ. 'ಸೂರ್ಯ'ವನ್ನು 'ಸೂಯರ್' ಎಂದರೆ ಮಗು ದಡ್ಡ ಎಂದಲ್ಲ: ಅರ್ಕಾವತ್ತು ಬರವಣಿಗೆಯಲ್ಲಿ ಯಕಾರದ ನಂತರ ಬರುತ್ತದೆ, ಉಚ್ಚಾರದಲ್ಲಿ ಮೊದಲು ಬರುತ್ತದೆ, ಅದನ್ನು ಯಾರೂ ಬಿಡಿಸಿ ಹೇಳಿಕೊಟ್ಟಿಲ್ಲ. ಆದ್ದರಿಂದ ಹಾಳೆಯಲ್ಲಿ ಆರು ಹಂತ ಇರಲಿ: ಮೂಲಾಕ್ಷರ, ಸರಳ ಪದ, ಕಾಗುಣಿತದ ಪದ, ಒತ್ತಕ್ಷರದ ಪದ, ನಾಲ್ಕು ಸಾಲಿನ ಪ್ಯಾರಾ, ಎಂಟು ಹತ್ತು ಸಾಲಿನ ಕಥೆ. ಗಣಿತಕ್ಕೆ ಒಂದಂಕಿ ಗುರುತು, ಎರಡಂಕಿ ಗುರುತು, ದಶಕ ತೆಗೆದುಕೊಂಡು ಕಳೆಯುವುದು, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು.

ಸಮಯ ಎಲ್ಲಿಂದ ತರುವುದು ಎಂದು ಎಲ್ಲರೂ ಕೇಳುತ್ತಾರೆ. ಒಂದು ಸಮೂಹದಲ್ಲಿ (ಅಕ್ಕಪಕ್ಕದ ಶಾಲೆಗಳ ಗುಂಪು, ಕ್ಲಸ್ಟರ್) 900 ಮಕ್ಕಳಿದ್ದರೆ, ಮಗುವಿಗೆ 6 ನಿಮಿಷದಂತೆ 90 ಗಂಟೆ. 15 ಶಿಕ್ಷಕರು ಹಂಚಿಕೊಂಡರೆ ತಲೆಗೆ 6 ಗಂಟೆ, ಅಂದರೆ ಎರಡು ಬೆಳಗ್ಗೆ. ಜೂನ್ ಮೂರನೇ ವಾರದಲ್ಲಿ ಮುಗಿಸಬಹುದು. ಅದಕ್ಕಿಂತ ಮೊದಲು ಮಾಡಿದರೆ ದಾಖಲಾತಿ ನಿಂತಿರುವುದಿಲ್ಲ, ಬೇಸಿಗೆ ರಜೆಯಲ್ಲಿ ಊರು ಬಿಟ್ಟ ಮಕ್ಕಳು ತಿರುಗಿ ಬಂದಿರುವುದಿಲ್ಲ.

ತಪ್ಪು ಆಗುವುದು ಎರಡು ಕಡೆ. ಒಂದು, ಶಿಕ್ಷಕರು ತಮ್ಮದೇ ಮಕ್ಕಳನ್ನು ಪರೀಕ್ಷಿಸುವುದು; ಪಕ್ಕದ ಶಾಲೆಯವರನ್ನು ಅದಲುಬದಲು ಮಾಡಿ ಕಳುಹಿಸಿ. ಎರಡನೆಯದು ಹೆಚ್ಚು ಅಪಾಯದ್ದು: ಫಲಿತಾಂಶ ಕೈಗೆ ಬಂದ ಕೂಡಲೇ ಶಾಲೆಗಳಿಗೆ ರ‍್ಯಾಂಕ್ ಹಾಕಿ ವಾಟ್ಸ್‌ಆ್ಯಪ್ ಗುಂಪಿಗೆ ಬಿಡುವುದು. ಹಾಗೆ ಮಾಡಿದ ತಾಲ್ಲೂಕಿನಲ್ಲಿ ಎರಡನೇ ಸುತ್ತಿಗೆ ಎಲ್ಲ ಮಕ್ಕಳೂ 'ಕಥೆ' ಹಂತದಲ್ಲಿರುತ್ತಾರೆ, ಕಾಗದದ ಮೇಲೆ. ಕಡಿಮೆ ಬಂದ ಅಂಕಿಗೆ ನೋಟಿಸ್ ಇಲ್ಲ, ಸುಳ್ಳು ಅಂಕಿಗೆ ಮಾತ್ರ ನೋಟಿಸ್ ಎಂದು ಮೊದಲ ಸಭೆಯಲ್ಲೇ ಹೇಳಿ, ಅದರಂತೆ ನಡೆದುಕೊಳ್ಳಿ. ಪರಿಶೀಲನೆಗೆ ನೂರಕ್ಕೆ ಐದು ಮಕ್ಕಳನ್ನು ಚೀಟಿ ಎತ್ತಿ ಡಯಟ್ ಉಪನ್ಯಾಸಕರು ಮರಳಿ ಓದಿಸಲಿ. ಮೊದಲ ಓದಿಗೂ ಎರಡನೆಯದಕ್ಕೂ ಎರಡು ಹಂತಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಶಾಲೆಯನ್ನು ಪೂರ್ತಿ ಮತ್ತೆ ಪರೀಕ್ಷಿಸಬೇಕು.

ದಿನಕ್ಕೊಂದು ಗಂಟೆ, ತರಗತಿ ಬಿಟ್ಟು ಮಟ್ಟಕ್ಕೆ ತಕ್ಕಂತೆ

ಬಂದ ಅಂಕಿಯನ್ನು ಏನು ಮಾಡಬೇಕು ಎಂಬಲ್ಲಿ ಹೆಚ್ಚಿನ ಕಾರ್ಯಕ್ರಮಗಳು ಸಾಯುತ್ತವೆ. 'ನಿಧಾನಗತಿಯ ಕಲಿಕೆಯವರಿಗೆ ಪರಿಹಾರ ಬೋಧನೆ ಕೈಗೊಂಡಿದೆ' ಎಂಬ ಸಾಲು ಪ್ರತಿ ಶಾಲೆಯ ದಾಖಲೆಯಲ್ಲೂ ಸಿಗುತ್ತದೆ. ವೇಳಾಪಟ್ಟಿಯಲ್ಲಿ ಅದಕ್ಕೆ ಗಂಟೆ ಇರುವುದಿಲ್ಲ. ಜುಲೈ ಮೊದಲ ವಾರದಿಂದ ದಸರಾ ರಜೆಯವರೆಗೆ, ದಿನಕ್ಕೆ ಒಂದು ಗಂಟೆ, ಬೆಳಗಿನ ಮೊದಲ ಅವಧಿಯಲ್ಲಿ, ಮೂರರಿಂದ ಐದನೇ ತರಗತಿಯ ಮಕ್ಕಳನ್ನು ತರಗತಿವಾರು ಬಿಟ್ಟು ಓದಿನ ಮಟ್ಟದ ಮೇಲೆ ಕೂರಿಸಿ. ಆರರಿಂದ ಎಂಟರವರಿಗೆ ಬೇರೆ ಗುಂಪು. ಹದಿಮೂರು ವರ್ಷದವರನ್ನು ಎಂಟು ವರ್ಷದವರ ಜತೆ ಅಕ್ಷರ ಓದಲು ಕೂರಿಸಿದರೆ ಮರುದಿನ ಶಾಲೆಗೇ ಬರುವುದಿಲ್ಲ.

ಗುಂಪಿನಲ್ಲಿ 20 ಮಕ್ಕಳು ಮೀರದಿರಲಿ. ಸಾಮಗ್ರಿ ಕಡಿಮೆ: ಗೋಡೆಗೆ ದೊಡ್ಡ ಕಾಗುಣಿತ ಚಾರ್ಟ್, ನೆಲದ ಮೇಲೆ ಬರೆಯಲು ಸೀಮೆಸುಣ್ಣ, ದೊಡ್ಡ ಅಕ್ಷರದಲ್ಲಿ ಅಚ್ಚಾದ 30 ಸಣ್ಣ ಕಥೆಗಳು. ಒಂದು ಗಂಟೆಯಲ್ಲಿ ಹತ್ತು ನಿಮಿಷ ಮಾತು (ಕಥೆಯ ಬಗ್ಗೆ ಮಕ್ಕಳೇ ಮಾತಾಡುವುದು), ಹದಿನೈದು ನಿಮಿಷ ಬೆರಳಿಟ್ಟು ಓದು, ಹದಿನೈದು ನಿಮಿಷ ಕಾಗುಣಿತ ಅಥವಾ ಒತ್ತಕ್ಷರದ ಆಟ, ಉಳಿದದ್ದು ಬರೆಹ. ತಾಂಡಾಗಳಲ್ಲಿ, ಆಂಧ್ರ, ತೆಲಂಗಾಣ, ಮಹಾರಾಷ್ಟ್ರದ ಗಡಿಯಲ್ಲಿ ಮಾತಿನ ಹತ್ತು ನಿಮಿಷ ಇಪ್ಪತ್ತಾಗಬೇಕು. ಮನೆಯಲ್ಲಿ ಲಂಬಾಣಿ, ತೆಲುಗು, ಮರಾಠಿ, ಉರ್ದು ಆಡುವ ಮಗುವಿಗೆ ಅರ್ಥವಾಗದ ಪದವನ್ನು ಓದಿಸಿ ಪ್ರಯೋಜನವಿಲ್ಲ.

ಇಲ್ಲಿ ಎಡವಟ್ಟಾಗುವುದು ಹೀಗೆ. ಎರಡನೇ ವಾರಕ್ಕೆ ಶಿಕ್ಷಕರು ಪಾಠಪುಸ್ತಕಕ್ಕೆ ಮರಳುತ್ತಾರೆ, ಕಾರಣ ಪಠ್ಯ ಮುಗಿದಿದೆಯೇ ಎಂದು ಕೇಳುವವರು ಅವರಿಗೆ ಗೊತ್ತು, ಓದು ಬಂತೇ ಎಂದು ಕೇಳುವವರು ಯಾರೂ ಇಲ್ಲ. ಆ ಒಂದು ಗಂಟೆಗೆ ಪಾಠಯೋಜನೆ, ಘಟಕ ಮುಕ್ತಾಯ ಯಾವುದನ್ನೂ ಕೇಳುವುದಿಲ್ಲ ಎಂದು ಬಿಇಒ ಸಹಿಯ ಜ್ಞಾಪನವೊಂದು ಶಾಲೆಯಲ್ಲಿ ಇರಬೇಕು, ಬಾಯಿಮಾತು ಸಾಲದು. ಇನ್ನೊಂದು: ಅತಿ ಕೆಳಗಿನ ಗುಂಪನ್ನು ಅತಿಥಿ ಶಿಕ್ಷಕರಿಗೆ ದಾಟಿಸುವ ರೂಢಿ. ಆ ಗುಂಪಿಗೆ ಶಾಲೆಯ ಅತ್ಯುತ್ತಮ ಶಿಕ್ಷಕರೇ ಬೇಕು.

ಒಂದರಿಂದ ಮೂರನೇ ತರಗತಿಯ ನಲಿ-ಕಲಿಯನ್ನು ಮುಟ್ಟಬೇಡಿ, ಆದರೆ ನಡೆಯುತ್ತಿದೆಯೇ ನೋಡಿ. 1990ರ ದಶಕದಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರೇ ಕಟ್ಟಿದ ಈ ಪದ್ಧತಿಯಲ್ಲಿ ಅಕ್ಷರಗಳು ವರ್ಣಮಾಲೆಯ ಕ್ರಮ ಬಿಟ್ಟು 'ರ ಗ ಸ ದ ಅ' ಎಂದು ಶುರುವಾಗುತ್ತವೆ, ಪ್ರತಿ ಮಗುವೂ ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ಕೋಣೆಯೊಳಗೆ ಹೋದಾಗ ಎಲ್ಲ ಮಕ್ಕಳ ಕೈಯಲ್ಲೂ ಒಂದೇ ಕಾರ್ಡ್ ಇದ್ದರೆ, ಅಥವಾ ಪ್ರಗತಿ ನೋಟದಲ್ಲಿ ಎಲ್ಲರೂ ಒಂದೇ ಮೈಲಿಗಲ್ಲಿನಲ್ಲಿದ್ದರೆ, ನಲಿ-ಕಲಿಯ ಹೆಸರಿನಲ್ಲಿ ಹಳೆಯ ಪಾಠವೇ ನಡೆದಿದೆ. ಇದಕ್ಕೆ ಬೈಯುವ ಮೊದಲು ಕಾರ್ಡ್‌ಗಳನ್ನು ಎಣಿಸಿ. ಅರ್ಧ ಸೆಟ್ ಹರಿದುಹೋದ ಕೋಣೆಯಲ್ಲಿ ಬೇರೆ ದಾರಿಯೇ ಇರುವುದಿಲ್ಲ.

ಶಿಕ್ಷಕರು ಎಲ್ಲಿದ್ದಾರೆ

ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕ ಸರಳ: ಒಂದರಿಂದ ಐದನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು, 90ರವರೆಗೆ ಮೂವರು, 120ರವರೆಗೆ ನಾಲ್ವರು. ಆರರಿಂದ ಎಂಟಕ್ಕೆ 35 ಮಕ್ಕಳಿಗೊಬ್ಬರು, ಅದರಲ್ಲೂ ಗಣಿತ-ವಿಜ್ಞಾನ, ಸಮಾಜ ವಿಜ್ಞಾನ, ಭಾಷೆಗೆ ಕನಿಷ್ಠ ಒಬ್ಬೊಬ್ಬರು. ತಾಲ್ಲೂಕಿನ ಸರಾಸರಿ ತೆಗೆದರೆ ಇದು ಹೊಂದಿಕೆಯಾದಂತೆ ಕಾಣಬಹುದು. ಸರಾಸರಿಯನ್ನು ಬದಿಗಿಟ್ಟು ಶಾಲೆಗಳನ್ನು ಬಸ್ ನಿಲ್ದಾಣದಿಂದ ದೂರದ ಕ್ರಮದಲ್ಲಿ ಪಟ್ಟಿ ಮಾಡಿ. ಹೆದ್ದಾರಿಯ ಊರುಗಳಲ್ಲಿ ತುಂಬಿದ ಹುದ್ದೆಗಳು, ಒಳಗಿನ ಊರುಗಳಲ್ಲಿ ಖಾಲಿ ಹುದ್ದೆಗಳು ಕಣ್ಣಿಗೆ ರಾಚುತ್ತವೆ.

ಕಾಯಂ ವರ್ಗಾವಣೆ ಬಿಇಒ ಕೈಯಲ್ಲಿಲ್ಲ. ಅದು ವರ್ಗಾವಣೆ ಕಾಯ್ದೆಯ ಪ್ರಕಾರ ಕೌನ್ಸೆಲಿಂಗ್‌ನಲ್ಲಿ ಆಗಬೇಕು, ಅದರ ಕಾಲ ಬಂದಾಗ ಆಗುತ್ತದೆ. ಆದರೆ ಕೈಯಲ್ಲಿರುವುದು ಕಡಿಮೆಯೇನಲ್ಲ. ಮೊದಲ ಕೆಲಸ, ನಿಯೋಜನೆ ಮತ್ತು ಒಒಡಿ (ಅನ್ಯ ಕರ್ತವ್ಯ) ಮೇಲೆ ಶಾಲೆಯಿಂದ ಹೊರಗಿರುವವರ ಹೆಸರಿನ ಪಟ್ಟಿ. ತಾಲ್ಲೂಕು ಕಚೇರಿ, ಚುನಾವಣಾ ಶಾಖೆ, ತಮ್ಮದೇ ಬಿಇಒ ಕಚೇರಿ: ಪ್ರತಿ ಹೆಸರಿನ ಮುಂದೆ ಆದೇಶದ ದಿನಾಂಕ, ಅವಧಿ ಮುಗಿದ ದಿನಾಂಕ ಬರೆಯಿರಿ. ಅವಧಿ ಮುಗಿದವರನ್ನು ಮರಳಿ ಕರೆಸಲು ಯಾರ ಅನುಮತಿಯೂ ಬೇಡ. ಶುರು ಮಾಡುವುದು ತಮ್ಮ ಕಚೇರಿಯಲ್ಲಿ ಕಂಪ್ಯೂಟರ್ ಕೆಲಸಕ್ಕೆ ಕೂತ ಶಿಕ್ಷಕರಿಂದ, ಇಲ್ಲವಾದರೆ ತಹಶೀಲ್ದಾರರನ್ನು ಕೇಳುವ ಮುಖ ಉಳಿಯುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಶಿಕ್ಷಕರಿಗೆ ಅನುಮತಿಸುವ ಶೈಕ್ಷಣಿಕೇತರ ಕೆಲಸ ಮೂರೇ: ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ. ಪ್ರತಿ ಪತ್ರದಲ್ಲೂ ಅದನ್ನು ಉಲ್ಲೇಖಿಸಿ. ಎಲ್ಲವೂ ನಿಲ್ಲುವುದಿಲ್ಲ ನಿಜ. 2025ರ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಹಾಕಿ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ವಿಸ್ತರಿಸಿದ್ದನ್ನು ಯಾವ ಬಿಇಒ ತಡೆಯಲು ಸಾಧ್ಯವಿತ್ತು? ಅಂಥ ದೊಡ್ಡ ಆದೇಶ ಬಂದಾಗ ಕೈಲಾಗುವುದು ಏಕೋಪಾಧ್ಯಾಯ ಶಾಲೆಗಳಿಗೆ ವಿನಾಯಿತಿ ಕೇಳುವುದು, ಕಳೆದ ದಿನಗಳನ್ನು ಶನಿವಾರ ಮಧ್ಯಾಹ್ನಗಳಲ್ಲಿ ತುಂಬಿಸಿಕೊಳ್ಳುವುದು.

ಅತಿಥಿ ಶಿಕ್ಷಕರ ಹಂಚಿಕೆಯಲ್ಲಿ ಕ್ರಮ ಮುಖ್ಯ. ಮೊದಲು ಶೂನ್ಯ ಶಿಕ್ಷಕರ ಶಾಲೆ, ಆಮೇಲೆ 30ಕ್ಕಿಂತ ಹೆಚ್ಚು ಮಕ್ಕಳಿರುವ ಏಕೋಪಾಧ್ಯಾಯ ಶಾಲೆ, ಆಮೇಲೆ ಗಣಿತ-ವಿಜ್ಞಾನ ಖಾಲಿ ಇರುವ ಹಿರಿಯ ಪ್ರಾಥಮಿಕ ಶಾಲೆ. ಪಟ್ಟಿಯನ್ನು ಸೂಚನಾ ಫಲಕಕ್ಕೆ ಹಾಕಿಬಿಟ್ಟರೆ ಶಾಸಕರ ಕಚೇರಿಯಿಂದ ಬರುವ ಫೋನ್‌ಗಳು ಅರ್ಧ ಕಡಿಮೆಯಾಗುತ್ತವೆ. ಜೂನ್ ಮೊದಲ ವಾರ ಅವರು ಕೋಣೆಯಲ್ಲಿರಬೇಕು. ಗೌರವಧನ ಮೂರು ತಿಂಗಳು ತಡವಾದರೆ ನವೆಂಬರ್ ಹೊತ್ತಿಗೆ ಒಳ್ಳೆಯವರು ಖಾಸಗಿ ಶಾಲೆಗೋ ಬೇರೆ ಕೆಲಸಕ್ಕೋ ಹೋಗಿರುತ್ತಾರೆ. ಹಣ ಬಿಡುಗಡೆ ಮೇಲಿನವರ ಕೈಯಲ್ಲಿದ್ದರೂ ಹಾಜರಾತಿ ಪ್ರಮಾಣಪತ್ರ ಪ್ರತಿ ತಿಂಗಳ 5ರೊಳಗೆ ಕಚೇರಿ ಸೇರಿದರೆ ತಾಲ್ಲೂಕು ಹಂತದ ತಡವಾದರೂ ತಪ್ಪುತ್ತದೆ.

ಏಕೋಪಾಧ್ಯಾಯ ಶಾಲೆಯ ಶಿಕ್ಷಕರು ರಜೆ ಹಾಕಿದರೆ ಶಾಲೆಯೇ ಬಾಗಿಲು ಹಾಕುತ್ತದೆ. ಇಂಥ ಪ್ರತಿ ಶಾಲೆಗೂ ಹತ್ತಿರದ ದೊಡ್ಡ ಶಾಲೆಯೊಂದನ್ನು ಜೋಡಿ ಮಾಡಿ, ಯಾರು ಬರಬೇಕು ಎಂದು ಇಬ್ಬರ ಹೆಸರನ್ನು ವರ್ಷದ ಆರಂಭದಲ್ಲೇ ಬರೆದಿಡಿ. ಬೆಳಗ್ಗೆ 8ರೊಳಗೆ ಫೋನ್ ಬರಬೇಕು ಎಂಬ ಒಂದೇ ನಿಯಮ ಸಾಕು.

ಸಿಆರ್‌ಪಿ ಅಂಚೆಯಣ್ಣ ಅಲ್ಲ

ಸಮೂಹ ಸಂಪನ್ಮೂಲ ವ್ಯಕ್ತಿಗಳ (ಸಿಆರ್‌ಪಿ) ಹುದ್ದೆ ಹುಟ್ಟಿದ್ದು ಶಿಕ್ಷಕರಿಗೆ ಬೋಧನೆಯಲ್ಲಿ ಜತೆಯಾಗಲೆಂದು. ಈಗ ಅವರ ದಿನ ಹೋಗುವುದು 'ತುರ್ತು, ಇಂದು ಸಂಜೆ 4ರೊಳಗೆ' ಎಂಬ ನಮೂನೆಗಳನ್ನು ಶಾಲೆಗಳಿಂದ ಕಿತ್ತು ತಂದು ಕಚೇರಿಗೆ ಮುಟ್ಟಿಸುವುದರಲ್ಲಿ. ಈ ನಮೂನೆಗಳಲ್ಲಿ ಬಹಳಷ್ಟು ಮಾಹಿತಿ ಎಸ್‌ಎಟಿಎಸ್ ಮತ್ತು ಯು-ಡೈಸ್‌ನಲ್ಲಿ (ದೇಶದ ಶಾಲೆಗಳ ಮಾಹಿತಿ ಕೋಶ) ಈಗಾಗಲೇ ಇದೆ. ಕಚೇರಿಯಲ್ಲಿ ಅದನ್ನು ತೆಗೆಯಲು ಬರುವವರಿಲ್ಲದ್ದಕ್ಕೆ ಶಾಲೆಯನ್ನು ಕೇಳಲಾಗುತ್ತದೆ. ಒಬ್ಬ ಬಿಆರ್‌ಪಿಯನ್ನು (ಬಿಆರ್‌ಸಿಯ ಸಂಪನ್ಮೂಲ ವ್ಯಕ್ತಿ) ಈ ಕೆಲಸಕ್ಕೇ ಗೊತ್ತುಮಾಡಿ. ಯಾವುದೇ ನಮೂನೆ ಶಾಲೆಗೆ ಹೋಗುವ ಮೊದಲು ಅವರ ಮೇಜಿಗೆ ಬರಬೇಕು, ಜಾಲತಾಣದಲ್ಲಿ ಇರುವ ಮಾಹಿತಿಯನ್ನು ಅವರೇ ತುಂಬಬೇಕು. ನಿಜವಾಗಿ ಶಾಲೆಯಿಂದಲೇ ಬೇಕಾದದ್ದನ್ನು ವಾರಕ್ಕೊಮ್ಮೆ, ಶುಕ್ರವಾರ ಮಧ್ಯಾಹ್ನ 3ರ ನಂತರ ಮಾತ್ರ ಕೇಳಿ.

ಹೀಗೆ ಬಿಡುವಾದ ಸಿಆರ್‌ಪಿಗೆ ವಾರದಲ್ಲಿ ನಾಲ್ಕು ಅರ್ಧ ದಿನ ಶಾಲೆ. ಬಂದ ಕೂಡಲೇ ಮುಖ್ಯಗುರುಗಳ ಕೋಣೆಗೆ ಹೋಗಿ ದಾಖಲೆ ತೆರೆಸಿದರೆ ಭೇಟಿ ಅಲ್ಲಿಗೇ ಕೆಟ್ಟಿತು. ನೇರ ತರಗತಿಗೆ ಹೋಗಿ ಎರಡು ಅವಧಿ ಹಿಂದೆ ಕೂರಬೇಕು, ಮಾತಾಡಬಾರದು. ಆಮೇಲೆ ಐದು ಮಕ್ಕಳನ್ನು ಓದಿಸಬೇಕು: ಹಾಜರಿ ಪುಸ್ತಕದಿಂದ ತಾವೇ ಆರಿಸಿದವರು, ಮುಂದಿನ ಸಾಲಿನವರಲ್ಲ. ಕೊನೆಗೆ ಶಿಕ್ಷಕರ ಜತೆ ಇಪ್ಪತ್ತು ನಿಮಿಷ, ಒಂದೇ ಒಂದು ಸಲಹೆ. ಉದಾಹರಣೆಗೆ, 'ಪ್ರಶ್ನೆ ಕೇಳಿದ ಮೇಲೆ ಉತ್ತರವನ್ನು ಎಲ್ಲರೂ ಒಟ್ಟಾಗಿ ಕೂಗದಂತೆ ಮಾಡಿ, ಹೆಸರು ಕರೆದು ಕೇಳಿ.' ಅದೇ ಕೋಣೆಗೆ ಮೂರು ವಾರದೊಳಗೆ ಮರಳಿ ಬಂದು ಆ ಒಂದು ವಿಷಯ ಏನಾಯಿತು ಎಂದು ನೋಡಬೇಕು. ಭೇಟಿ ಪುಸ್ತಕದಲ್ಲಿ 'ಶಾಲೆಗೆ ಭೇಟಿ ನೀಡಿ ಸೂಕ್ತ ಮಾರ್ಗದರ್ಶನ ನೀಡಲಾಯಿತು' ಎಂಬ ವಾಕ್ಯ ಕಂಡರೆ ಆ ಭೇಟಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಬಿಇಒ ಕೂಡ ವಾರಕ್ಕೊಂದು ಬೆಳಗ್ಗೆ ಇದನ್ನೇ ಮಾಡಬೇಕು. ತಾಲ್ಲೂಕಿನ ಮುಖ್ಯಗುರುಗಳ ಸಭೆಯಲ್ಲಿ ಅರ್ಧ ಹೊತ್ತು ಬಿಸಿಯೂಟ, ಹಾಲು, ಮೊಟ್ಟೆ, ಸಮವಸ್ತ್ರದ ಮಾತಾದರೆ ಉಳಿದರ್ಧ ಓದಿನ ಮಾತಾಗುತ್ತದೆಯೋ ಇಲ್ಲವೋ ಎಂಬುದು ಅಧ್ಯಕ್ಷತೆ ವಹಿಸಿದವರು ತರಗತಿಯಲ್ಲಿ ಕುಳಿತು ಬಂದಿದ್ದಾರೆಯೇ ಎಂಬುದರ ಮೇಲೆ ನಿಂತಿದೆ.

ಕಚೇರಿಯ ಕಡತ

ಬುಧವಾರ ಬೆಳಗ್ಗೆ 11ಕ್ಕೆ ಬಿಇಒ ಕಚೇರಿಯ ವರಾಂಡದಲ್ಲಿ ಎಷ್ಟು ಶಿಕ್ಷಕರು ನಿಂತಿದ್ದಾರೆ ಎಂದು ಎಣಿಸಿ. ವಾರ್ಷಿಕ ವೇತನ ಬಡ್ತಿ, ಬಾಕಿ ವೇತನ, ವೈದ್ಯಕೀಯ ಬಿಲ್, ಗಳಿಕೆ ರಜೆ ನಗದೀಕರಣ, ಸೇವಾ ಪುಸ್ತಕದ ನಮೂದು: ಇವಕ್ಕಾಗಿ ಬಂದವರೆಲ್ಲ ಯಾವುದೋ ತರಗತಿಯನ್ನು ಬಿಟ್ಟು ಬಂದವರು. ಅವರ ಸಿಟ್ಟೂ ಮರುದಿನ ಅದೇ ತರಗತಿಗೆ ಹೋಗುತ್ತದೆ. ಗುರುಸ್ಪಂದನ ಎಂಬ ಹೆಸರಿನಲ್ಲಿ ಕೆಲವು ತಾಲ್ಲೂಕುಗಳು ಮಾಡಿದ ಹಾಗೆ, ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಸಮೂಹವಾರು ದಿನ ಗೊತ್ತುಮಾಡಿ, ಗುಮಾಸ್ತರು, ಅಧೀಕ್ಷಕರು, ಸೇವಾ ಪುಸ್ತಕಗಳು ಎಲ್ಲ ಒಂದೇ ಕೋಣೆಯಲ್ಲಿರುವಂತೆ ನೋಡಿಕೊಳ್ಳಿ. ವೇತನ ಬಡ್ತಿಯ ದಿನಾಂಕ ಮುಂಚೆಯೇ ಗೊತ್ತಿರುವಂಥದ್ದು. ಅದಕ್ಕೆ ಅರ್ಜಿ ಕೊಡಿಸಿಕೊಳ್ಳುವುದೇ ಅಸಂಬದ್ಧ. ಕಡತ ಯಾವ ಮೇಜಿನಲ್ಲಿ ಎಷ್ಟು ದಿನ ಇತ್ತು ಎಂಬ ಒಂದು ಪುಟದ ಪಟ್ಟಿ ತಿಂಗಳಿಗೊಮ್ಮೆ ಬಿಇಒ ಮುಂದೆ ಬರಲಿ. ಕೆಲವು ಮೇಜುಗಳಲ್ಲಿ ಕಡತ ಯಾಕೆ ನಿಲ್ಲುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ಬರೆಯಬೇಕಾಗಿಲ್ಲ.

ಹಾಜರಾತಿ, ವಲಸೆ, ದುಡ್ಡು

ಹಾಜರಿ ಪುಸ್ತಕ ಒಂದು ಹೇಳಿದರೆ ಬಿಸಿಯೂಟದ ಅಕ್ಕಿಯ ಲೆಕ್ಕ ಇನ್ನೊಂದು ಹೇಳುತ್ತದೆ, ಕಣ್ಣಿಗೆ ಕಾಣುವ ಮಕ್ಕಳು ಮತ್ತೊಂದು. ಮೂರನ್ನೂ ಒಂದೇ ದಿನ, ಮೇಲಾಗಿ ಸೋಮವಾರ ಅಥವಾ ಊರಿನ ಸಂತೆಯ ದಿನ ಹೋಲಿಸಿ. ಕಲ್ಯಾಣ ಕರ್ನಾಟಕದ ಒಣ ಭೂಮಿಯ ತಾಲ್ಲೂಕುಗಳಲ್ಲಿ ದೀಪಾವಳಿ ಕಳೆದ ಮೇಲೆ ಹತ್ತಿ, ಮೆಣಸಿನಕಾಯಿ ಬಿಡಿಸಲು ಮಕ್ಕಳು ಹೊಲಕ್ಕಿಳಿಯುತ್ತಾರೆ, ಕುಟುಂಬಗಳು ಬೆಂಗಳೂರು, ಮುಂಬೈ ಕಡೆ ಗುಳೆ ಹೋಗುತ್ತವೆ. ಹೋದ ಮೇಲೆ ಹುಡುಕುವುದರಿಂದ ಉಪಯೋಗ ಕಡಿಮೆ. ಸೆಪ್ಟೆಂಬರ್‌ನಲ್ಲೇ ಕಳೆದ ವರ್ಷ ಗುಳೆ ಹೋದ ಮನೆಗಳ ಪಟ್ಟಿ ಹಿಡಿದು, ಮಗುವನ್ನು ಅಜ್ಜಿಯ ಬಳಿ ಬಿಡುವಿರೋ, ಹಾಸ್ಟೆಲಿಗೆ ಸೇರಿಸುವಿರೋ ಎಂದು ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ತಾಯಂದಿರೇ ಮನೆಗೆ ಹೋಗಿ ಕೇಳಬೇಕು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಅವರನ್ನು ಸಹಿಗೆ ಮಾತ್ರ ಕರೆದರೆ ಇಂಥ ಕೆಲಸಕ್ಕೆ ಯಾರೂ ಬರುವುದಿಲ್ಲ.

ದುಡ್ಡಿನ ಮಾತು ಚಿಕ್ಕದು. ಸಮಗ್ರ ಶಿಕ್ಷಣ ಯೋಜನೆಯ ಮಾನದಂಡದಲ್ಲಿ ಶಾಲಾ ಅನುದಾನ 30 ಮಕ್ಕಳವರೆಗೆ ₹10,000, 100ರವರೆಗೆ ₹25,000, 250ರವರೆಗೆ ₹50,000. ಅದರಲ್ಲಿ ಶೇ 10 ಸ್ವಚ್ಛತೆಗೆ. ಹಣ ವರ್ಷದ ಕೊನೆಗೆ ಬಂದು ಮಾರ್ಚ್‌ನಲ್ಲಿ ಬಣ್ಣ, ಬ್ಯಾನರ್, ಕುರ್ಚಿಯಾಗಿ ಕರಗುವುದು ಮಾಮೂಲು. ಜುಲೈನಲ್ಲೇ ಎಸ್‌ಡಿಎಂಸಿ ಸಭೆಯಲ್ಲಿ ಖರ್ಚಿನ ಕ್ರಮ ನಿರ್ಣಯಿಸಿಟ್ಟರೆ (ಮೊದಲು ನೀರು ಬರುವ ಶೌಚಾಲಯ, ಆಮೇಲೆ ಓದುವ ಪುಸ್ತಕ, ಆಮೇಲೆ ಉಳಿದದ್ದು) ಹಣ ಬಂದ ವಾರದಲ್ಲಿ ಕೆಲಸ ಆಗುತ್ತದೆ. ಕಾಂಪೌಂಡ್, ಆಟದ ಮೈದಾನದಂಥವನ್ನು ಅನುದಾನದಿಂದ ಮಾಡಲು ಹೋಗಬೇಡಿ; ಅದು ಪಂಚಾಯಿತಿಯ ಕ್ರಿಯಾಯೋಜನೆಗೆ ಸೇರಬೇಕಾದ ಬಾಬತ್ತು.

ಹತ್ತನೇ ತರಗತಿಯವರನ್ನು ಬಿಟ್ಟುಬಿಡಬೇಕೇ

ಬಿಡಲಾಗದು. ಮೇಲಿನ ಕೆಲಸದ ಫಲ ಪರೀಕ್ಷೆಯಲ್ಲಿ ಕಾಣಲು ಐದಾರು ವರ್ಷ ಬೇಕು, ಡಿಡಿಪಿಐ (ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರು) ಅಷ್ಟು ಕಾಯುವುದಿಲ್ಲ. ಈಗಿರುವ ಹತ್ತನೆಯವರಿಗೆ ವಿಶೇಷ ತರಗತಿಯನ್ನು ಡಿಸೆಂಬರ್ ಬಿಟ್ಟು ಜುಲೈನಿಂದ, ಗಣಿತ, ವಿಜ್ಞಾನ, ಇಂಗ್ಲಿಷ್ ಮೂರಕ್ಕೆ ಮಾತ್ರ ನಡೆಸಿ. ಪಾಸಿಂಗ್ ಪ್ಯಾಕೇಜನ್ನು ನಿಜಕ್ಕೂ ಅಂಚಿನಲ್ಲಿರುವವರಿಗೆ ಸೀಮಿತಗೊಳಿಸಿ. ಇಡೀ ತರಗತಿಗೆ ಹಂಚಿದರೆ 500 ತೆಗೆಯಬಲ್ಲ ಮಗುವೂ ಪಾಸಾಗುವಷ್ಟಕ್ಕೇ ನಿಲ್ಲುತ್ತದೆ, ಪಿಯುಸಿಗೆ ಹೋದ ಮೇಲೆ ಮುಗ್ಗರಿಸುತ್ತದೆ. ಎಂಟನೇ ತರಗತಿಗೆ ಸೇರಿದವರಿಗೆ ಜೂನ್‌ನ ಓದಿನ ಪರೀಕ್ಷೆ ತಪ್ಪಬಾರದು. ಪ್ರೌಢಶಾಲೆಯವರು 'ಪ್ರಾಥಮಿಕದವರು ಏನೂ ಕಲಿಸಿಲ್ಲ' ಎಂದು ದೂರುತ್ತಾ ಮೂರು ವರ್ಷ ಕಳೆಯುವುದಕ್ಕಿಂತ ಮೂರು ತಿಂಗಳು ಒತ್ತಕ್ಷರ, ಭಾಗಾಕಾರ ಕಲಿಸುವುದು ಲಾಭ.

ದಸರಾ ರಜೆ ಮುಗಿದ ವಾರ ಎರಡನೇ ಸುತ್ತು ಓದಿಸಿ. ಆಗ ಕೇಳಬೇಕಾದದ್ದು ಎಷ್ಟು ಮಕ್ಕಳು ಕಥೆ ಓದುತ್ತಾರೆ ಎಂಬುದಕ್ಕಿಂತ ಎಷ್ಟು ಮಕ್ಕಳು ಒಂದು ಹಂತವಾದರೂ ಏರಿದ್ದಾರೆ ಎಂಬುದು. ಏರದೆ ನಿಂತವರ ಪಟ್ಟಿ ತೆಗೆದರೆ ಎರಡು ಬಗೆ ಸಿಗುತ್ತದೆ: ಬರದೇ ಇದ್ದವರು, ಬಂದೂ ಕಲಿಯದವರು. ಮೊದಲಿನವರದು ಹಾಜರಾತಿಯ ಸಮಸ್ಯೆ. ಎರಡನೆಯವರಲ್ಲಿ ಕೆಲವರಿಗೆ ಕಣ್ಣು, ಕಿವಿ ಪರೀಕ್ಷೆ ಬೇಕಿರುತ್ತದೆ, ಅದನ್ನು ಬಿಆರ್‌ಸಿಯ ವಿಶೇಷ ಸಂಪನ್ಮೂಲ ಶಿಕ್ಷಕರಿಗೆ ಒಪ್ಪಿಸಿ. ಉಳಿದವರಿಗೆ ನವೆಂಬರ್‌ನಿಂದ ಜನವರಿವರೆಗೆ ಇನ್ನೊಂದು ಸುತ್ತು ಬೋಧನೆ, ಬೇರೆ ಶಿಕ್ಷಕರ ಕೈಯಲ್ಲಿ.

ಒಬ್ಬ ಬಿಇಒ ಒಂದು ತಾಲ್ಲೂಕಿನಲ್ಲಿ ಉಳಿಯುವುದು ಸಾಮಾನ್ಯವಾಗಿ ಕೆಲವೇ ವರ್ಷ. ಹಾಗಾಗಿ ಎಲ್ಲವನ್ನೂ ತಮ್ಮ ಹೆಸರಿನ ಕಾರ್ಯಕ್ರಮ ಮಾಡಿ ಫ್ಲೆಕ್ಸ್ ಕಟ್ಟಿಸಿದರೆ ಮುಂದೆ ಬಂದವರು ಅದನ್ನು ಮೊದಲ ವಾರವೇ ಇಳಿಸುತ್ತಾರೆ. ಹೆಸರಿಡಬೇಡಿ. ಬಿಟ್ಟುಹೋಗುವಾಗ ಮೂರು ಕಡತ ಬಿಆರ್‌ಸಿಯ ಕಪಾಟಿನಲ್ಲಿರಲಿ: ಮಗುವಾರು ಓದಿನ ಹಂತದ ಪಟ್ಟಿ ಎಲ್ಲ ಸುತ್ತಿನದು, ನಿಯೋಜನೆಯ ಮೇಲಿರುವವರ ಪಟ್ಟಿ ಅವಧಿ ಸಹಿತ, ಜೋಡಿ ಶಾಲೆಗಳ ಪಟ್ಟಿ. ಇವುಗಳ ಒಂದು ಪ್ರತಿ ಡಯಟ್ ಪ್ರಾಂಶುಪಾಲರ ಬಳಿಯೂ ಇರಬೇಕು, ಯಾಕೆಂದರೆ ಜೂನ್‌ನಲ್ಲಿ ಹೊಸ ಬಿಇಒ ಇನ್ನೂ ಬಂದಿರದೆ ಪ್ರಭಾರದವರು ಕುಳಿತಿರುವ ಸಾಧ್ಯತೆಯೇ ಹೆಚ್ಚು.